ನಾಯಿಗೆ ರೂಢಿಯಾಗುವ ತನಕ

ನಾಯಿ ಬೇಕೆಂದು ನಾನು ಯಾರನ್ನೂ ಕೇಳಿರಲಿಲ್ಲ. ಅವ್ವ ತೀರಿಕೊಂಡ ವರ್ಷದ ಮಳೆಗಾಲದಲ್ಲಿ ಹುಬ್ಬಳ್ಳಿಗೆ ಹೋಗಿದ್ದ ದೊಡ್ಡಣ್ಣ ಬಿಸ್ಕೀಟಿನ ರಟ್ಟಿನ ಪೆಟ್ಟಿಗೆಯಲ್ಲಿ ಒಂದು ಬಿಳಿ ಮರಿಯನ್ನು ತಂದು ಹಾನಗಲ್ಲಿನ ನಮ್ಮ ಮನೆಯ ಪಡಸಾಲೆಯಲ್ಲಿ ಇಳಿಸಿದ. ಪೊಮೇರಿಯನ್ ಜಾತಿಯ ಮರಿ. ಆಗ ನಮ್ಮ ಕಡೆ ಅಂಥ ನಾಯಿ ಇರುತ್ತಿದ್ದುದು ಸಾಹೇಬರ ಮನೆಗಳಲ್ಲಿ. ಅಣ್ಣ ಸಣ್ಣಪುಟ್ಟ ಕಾಲುವೆ, ಸೇತುವೆಗಳ ಕಂತ್ರಾಟು ಹಿಡಿಯಲು ಶುರು ಮಾಡಿದ್ದ. ಸಾಹೇಬರ ಮನೆಯಲ್ಲಿ ಕಂಡದ್ದೆಲ್ಲ ತನ್ನ ಮನೆಯಲ್ಲೂ ಇರಬೇಕು ಎನ್ನುವ ಆಸೆ ಅವನಿಗೆ ಆಗಲೇ ಹತ್ತಿತ್ತು.

"ಹುಡುಗುರಿಗೆ ಆಡಾಕ ಆತು," ಎಂದ.

"ಮತ್ತ ಇದರ ಹೇಲು ಉಚ್ಚಿ ಯಾರು ಬಳೀಬೇಕು?" ಅವನ ಹೆಂಡತಿ, ನಮ್ಮ ವೈನಿ, ಕೇಳಿದರು.

"ಇಕಿ ಅದಾಳಲ್ಲ. ಈಗ ಹೆಂಗೂ ಕೈ ಖಾಲಿ."

ನನ್ನ ಕೈ ಖಾಲಿಯಾದದ್ದು ಹೇಗೆಂದು ಹೇಳಬೇಕು. ನಾನು ಮೆಟ್ರಿಕ್ ಪಾಸಾದ ವರ್ಷವೇ ಅವ್ವನಿಗೆ ಲಕ್ವ ಹೊಡೆದು ಬಲಗೈ ಬಲಗಾಲು ಬಿದ್ದವು. ಅಪ್ಪ ಮೊದಲೇ ಹೋಗಿದ್ದ. ದೊಡ್ಡಣ್ಣನಿಗೆ ಹೊರಗಿನ ಓಡಾಟ, ವೈನಿಗೆ ಮೇಲಿಂದ ಮೇಲೆ ಬಾಣಂತನ. ಸಣ್ಣಣ್ಣ ಹಿರೇಕೆರೂರಿನಲ್ಲಿ ನೌಕರಿ ಮಾಡುತ್ತಿದ್ದವನು ಹಬ್ಬಕ್ಕೆ ಬಂದು ಅವ್ವನ ಕಾಲ ಬಳಿ ಒಂದು ಗಳಿಗೆ ಕೂತು ಹೋಗುತ್ತಿದ್ದ. ಅವ್ವನನ್ನು ಎತ್ತುವುದು, ತೊಳೆಯುವುದು, ಉಣ್ಣಿಸುವುದು ನನ್ನ ಪಾಲಿಗೆ ಬಂತು. ಬಂದದ್ದಕ್ಕೆ ಬೇಸರ ಇರಲಿಲ್ಲ, ಅವಳು ನನ್ನವ್ವ. ಆದರೆ ನಡುವೆ ಒಂದು ಸಂಬಂಧ ಬಂದಿತ್ತು. ಹಿರೇಕೆರೂರಿನ ಒಬ್ಬ ಶಾಲಾ ಮಾಸ್ತರರು. ಸಣ್ಣಣ್ಣನ ಪರಿಚಯದವರು, ಸಾದಾ ಮನುಷ್ಯ. ನನ್ನನ್ನು ನೋಡಿ ಒಪ್ಪಿದ್ದರು. ನಾನೂ ಒಳಗಿಂದ ಅವರನ್ನು ನೋಡಿದ್ದೆ. ಅವರು ಹೋದ ಮೇಲೆ ದೊಡ್ಡಣ್ಣ ತಮ್ಮನಿಗೆ ಪಡಸಾಲೆಯಲ್ಲಿ ಹೇಳಿದ್ದು ಅಡಿಗೆಮನೆಗೆ ಸ್ಪಷ್ಟವಾಗಿ ಕೇಳಿಸಿತು.

"ಈಗ ಇಕಿ ಹೋದ್ರ ಅವ್ವನ್ನ ಯಾರು ನೋಡ್ತಾರ? ಜಾತಕ ಕೂಡಿಬರಲಿಲ್ಲ ಅಂತ ಹೇಳಿ ಮುಗಿಸು."

ಸಣ್ಣಣ್ಣ ಹಾಗೆಯೇ ಹೇಳಿ ಮುಗಿಸಿದ. ಆಮೇಲೆ ಯಾರೂ ಬರಲಿಲ್ಲ, ಯಾರೂ ಹುಡುಕಲೂ ಇಲ್ಲ. ಅವ್ವ ಸಾಯುವ ಹೊತ್ತಿಗೆ ನನ್ನ ಬೈತಲೆಯ ಎರಡೂ ಕಡೆ ಬಿಳಿ ಕೂದಲು ಕಾಣುತ್ತಿದ್ದವು. ಈ ಸ್ಥಿತಿಗೆ ಅಣ್ಣ ಕೈ ಖಾಲಿ ಎಂದ.

ನನಗೆ ನಾಯಿಯ ಮೇಲೆ ಪ್ರೀತಿ ಇರಲಿಲ್ಲ. ವರ್ಷಗಟ್ಟಲೆ ಅವ್ವನ ಕರೆಗೆ ಎದ್ದು ಎದ್ದು ದಣಿದಿದ್ದೆ. ಅವಳು ಹೋದ ಮೇಲೆ ನನಗೆ ಬೇಕಾಗಿದ್ದದ್ದು ಯಾರೂ ಕರೆಯದ ಒಂದು ಮಧ್ಯಾಹ್ನ. ಅದರ ಬದಲು ಕಾಲಿಗೆ ತೊಡರುವ ಈ ಮರಿ ಬಂತು. ಹುಡುಗರು ಮೊದಲ ವಾರ ಅದನ್ನು ಎತ್ತಿ ಎತ್ತಿ ಹಾಕಿದರು, ಬಾಲ ಜಗ್ಗಿದರು, ಪೆಪರಮೆಂಟು, ಬೆಲ್ಲ ತಿನ್ನಿಸಿದರು. ಮರಿ ಭೇದಿ ಮಾಡಿಕೊಂಡು ಕಾಳಿನ ಕಣಜದ ಹಿಂದೆ ಹೋಗಿ ಕೂತಿತು. ದೊಡ್ಡ ಹುಡುಗ ಕೈ ಹಾಕಿದರೆ ಗುರ್ರ್ ಎಂದಿತು. ಹುಡುಗರ ಆಟ ಅಲ್ಲಿಗೆ ಮುಗಿಯಿತು.

ಸಾಯುವ ಹಾಗೆ ಬಿದ್ದಿದ್ದ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ದನದ ದವಾಖಾನೆಗೆ ಒಯ್ದವಳು ನಾನೇ. ಅಲ್ಲಿಯ ಡಾಕ್ಟರು ಎಮ್ಮೆ, ಎತ್ತುಗಳ ನಡುವೆ ಇದನ್ನು ನೋಡಿ ನಕ್ಕರು. ಆದರೆ ಔಷಧಿ ಕೊಟ್ಟು ಬಿಡಿಸಿ ಹೇಳಿದರು.

"ಸಿಹಿ ಬ್ಯಾಡ, ಉಳ್ಳಾಗಡ್ಡಿ ಹಾಕಿದ್ದು ಬ್ಯಾಡ. ರೊಟ್ಟಿ ಮೆತ್ತಗ ಮಾಡಿ ಹಾಲಾಗ ಕಲಿಸಿ ಹಾಕ್ರಿ, ನಡಕ ಒಂದು ತತ್ತಿ. ಇದಕ್ಕ ಎರಡು ಪದರ ಕೂದಲ ಇರ್ತಾವ, ದಿನಾ ಹಣಗಿ ಹಾಕ್ಬೇಕು, ಇಲ್ಲಂದ್ರ ಗಂಟು ಬೀಳ್ತಾವ. ಬ್ಯಾಸಿಗ್ಯಾಗ ಸೆಕಿ ಆಗ್ತತಿ ಅಂತ ಎಂದೂ ಬೋಳಸಬ್ಯಾಡ್ರಿ. ಬಿಸಲು ತಡಿಯೂದ ಆ ಕೂದಲ. ಕುತಗಿಗೆ ಬಿಗಿ ಪಟ್ಟಾ ಹಾಕಿ ಜಗ್ಗಬ್ಯಾಡ್ರಿ, ಇದರ ಗಂಟಲ ನಾಜೂಕು."

ನಾನು ಹಾಗೆಯೇ ಮಾಡಿದೆ. ಮಾಡುತ್ತ ಮಾಡುತ್ತ ಅದರ ಸ್ವಭಾವ ತಿಳಿಯಿತು. ಹಿಡಿಯಷ್ಟು ಮೈ, ಊರಗೌಡನಷ್ಟು ಸೊಕ್ಕು. ಅಂಚೆಯವನು ಬಂದರೆ ಬೊಗಳುವುದು, ಓಣಿಯಲ್ಲಿ ಬಳೆಗಾರ ಕೂಗಿದರೆ ಬೊಗಳುವುದು, ತಾಮ್ರದ ಹಂಡೆಯಲ್ಲಿ ತನ್ನದೇ ಮುಖ ಕಂಡರೂ ಬೊಗಳುವುದು. ಮನೆಯಲ್ಲಿ ಹತ್ತು ಮಂದಿ ಇದ್ದರೂ ಒಬ್ಬರನ್ನೇ ಹಿಡಿದುಕೊಳ್ಳುವ ಜಾತಿ ಅದು. ಅದು ನನ್ನನ್ನು ಹಿಡಿದುಕೊಂಡಿತು. ಅಕ್ಕಿ ಆರಿಸುವಾಗ ಸೀರೆಯ ಅಂಚಿನ ಮೇಲೆ, ಬಚ್ಚಲಿಗೆ ಹೋದರೆ ಬಾಗಿಲ ಹೊರಗೆ. ನೀರಿಗೆ ಹೋಗಿ ಬರುವಷ್ಟರಲ್ಲಿ ವರ್ಷದ ಮೇಲೆ ಕಂಡವರ ಹಾಗೆ ಕುಣಿಯುವುದು. ಒಂಟಿಯಾಗಿ ಬಿಟ್ಟರೆ ಕದ ಕೆರೆಯುತ್ತ ಅಳುವುದು. ವರ್ಷಕ್ಕೆ ಎರಡು ಸಲ ಉದುರುತ್ತಿದ್ದ ಕೂದಲು ಅನ್ನದಲ್ಲಿ, ಹಾಸಿಗೆಯಲ್ಲಿ, ವೈನಿಯ ಜರಿ ಸೀರೆಯಲ್ಲಿ. ಎಷ್ಟೋ ಸಲ ನನಗೇ ರೇಗುತ್ತಿತ್ತು. ಬೇಸಿಗೆಯಲ್ಲಿ ಮಾತ್ರ, ನೀರು ಚಿಮುಕಿಸಿದ ಗೋಣಿತಟ್ಟಿನ ಮೇಲೆ ಅದು ಹೊಟ್ಟೆ ಹಚ್ಚಿ ಮಲಗಿದಾಗ, ನಾನೂ ಪಕ್ಕದಲ್ಲಿ ಅಡ್ಡಾಗಿ ಉಣ್ಣಿ ಹೆಕ್ಕುತ್ತಿದ್ದೆ. ಆ ಹೊತ್ತು ನನಗೆ ಬೇಕಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಒಂದು ಬೆಳಿಗ್ಗೆ ಅಣ್ಣ ಅಂಗಿಗೆ ಇಸ್ತ್ರಿ ಆಗಿಲ್ಲವೆಂದು ನನ್ನ ಮೇಲೆ ಕೂಗಾಡಿದ. ಹೊಸದೇನಲ್ಲ, ನಾನು ತಲೆ ಬಗ್ಗಿಸಿ ನಿಂತಿದ್ದೆ. ನಾಯಿ ನಮ್ಮಿಬ್ಬರ ನಡುವೆ ಬಂದು ನಿಂತು ಅವನತ್ತ ಬೊಗಳತೊಡಗಿತು. ಅಣ್ಣ ಬೂಟುಗಾಲಿನಿಂದ ಒದ್ದ. ಅದು ಗೋಡೆಗೆ ಬಡಿದು ಕುಂಯ್ ಎಂದು ಮತ್ತೆ ಬಂದು ಅಲ್ಲೇ ನಿಂತಿತು. ವೈನಿ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ನಾಯಿಗೆ ಎದುರು ನಿಂದ್ರಾಕ ಕಲಿಸ್ಯಾಳ," ಎಂದರು.

ಅಂದಿನಿಂದ ಅದು ಅವನ ಮೋಟಾರ್ ಸೈಕಲ್ಲಿನ ಸದ್ದು ಕೇಳಿದರೆ ಸಾಕು, ಮಂಚದ ಕೆಳಗೆ ಸೇರುತ್ತಿತ್ತು. ಒದ್ದವರನ್ನು ಅದು ಮರೆಯುತ್ತಿರಲಿಲ್ಲ.

ಅದು ಬಂದು ಎರಡು ವರ್ಷ ತುಂಬುವ ಹೊತ್ತಿಗೆ, ಮಾವಿನಹಣ್ಣಿನ ಕಾಲಕ್ಕೆ, ಅಣ್ಣ ಶಿಗ್ಗಾಂವಿಯಲ್ಲಿದ್ದ, ಹೊಸ ಸೇತುವೆಯ ಕಂತ್ರಾಟು ಕೊಡುವ ಒಬ್ಬ ಸಾಹೇಬರನ್ನು ಮನೆಮಂದಿಯೊಂದಿಗೆ ಊಟಕ್ಕೆ ಕರೆದ. ಹೋಳಿಗೆ, ಸೀಕರಣೆ ಎಲ್ಲ ಮಾಡಿ ಬಡಿಸಿದ್ದು ನಾನು. ಸಾಹೇಬರ ಹೆಂಡತಿಯ ಕಣ್ಣು ಊಟಕ್ಕಿಂತ ನಾಯಿಯ ಮೇಲೇ ಇತ್ತು.

"ಎಷ್ಟ ಚಂದ ಇಟ್ಟೀರಿ ಇದನ್ನ. ನಮ್ಮ ಹುಡುಗಿ ಇಂಥಾದ್ದ ಬೇಕಂತ ಹಟ ಹಿಡದಾಳ."

"ನಿಮ್ಮದ ಅಂತ ತಿಳಕೊಳ್ರಿ ಬಾಯಾರ," ಎಂದ ಅಣ್ಣ.

ನಾನು ಅದನ್ನು ಉಪಚಾರದ ಮಾತೆಂದುಕೊಂಡೆ. ಸ್ವಲ್ಪ ದಿನಕ್ಕೆ ಆಡೂರಿನಲ್ಲಿ ಚಿಕ್ಕವ್ವನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯ ಇತ್ತು. ವೈನಿ ಎಂದೂ ಇಲ್ಲದ ಉತ್ಸಾಹದಿಂದ, "ನೀನ ಹೋಗಿ ಬಾ, ಒಂದಿನ ಇದ್ದು ಬಾ," ಎಂದು ಕಳಿಸಿದರು. ಮರುದಿನ ಸಂಜೆ ಬಂದು ಬಾಗಿಲು ತೆರೆದರೆ ಯಾರೂ ಓಡಿ ಬರಲಿಲ್ಲ.

"ಶಿಗ್ಗಾಂವಿಗೆ ಹೋತು," ಎಂದರು ವೈನಿ. "ಸಾಹೇಬರ ಜೀಪಿನ್ಯಾಗ ಕುಂತು ರಾಣಿಯಂಗ ಹೋತು ನೋಡು."

"ಅದರ ಊಟದ ರೀತಿ ಯಾರರ ಹೇಳಿ ಕಳಿಸೀರೇನ್ರಿ?"

"ನಾಯಿಗೆ ಎಂಥಾ ರೀತಿ?"

ಅಣ್ಣ ಬಂದ ಮೇಲೆ ಅವನನ್ನೂ ಕೇಳಿದೆ. ಅದು ಹೊರಗಿನವರ ಕೈಯಲ್ಲಿ ಉಣ್ಣುವುದಿಲ್ಲ, ಹುಡುಗರು ಜಗ್ಗಿದರೆ ಕಡಿಯುತ್ತದೆ, ಒಮ್ಮೆ ಹೋಗಿ ಹೇಳಿ ಬರೋಣ ಎಂದೆ. ಅವನು ತಾಟಿನಿಂದ ತಲೆ ಎತ್ತಲಿಲ್ಲ. "ಮತ್ತೊಂದು ಮರಿ ತಂದ ಕೊಡ್ತೇನಿ, ಸುಮ್ನಿರು," ಎಂದ.

ಹದಿನೈದು ದಿನಕ್ಕೆ ಶಿಗ್ಗಾಂವಿಯಿಂದ ಹೇಳಿಕಳಿಸಿದರು. ನಾಯಿ ಅನ್ನ ಮುಟ್ಟುತ್ತಿಲ್ಲ, ರಾತ್ರಿ ಹಗಲು ಒದರುತ್ತದೆ, ಹುಡುಗಿಯ ಕೈ ಕಚ್ಚಿದೆ. ಅಣ್ಣನ ಮುಖ ಕಪ್ಪಾಯಿತು. ಮರುದಿನ ಬೆಳಿಗ್ಗೆ ನನಗೆ, "ತಯಾರಾಗು, ಶಿಗ್ಗಾಂವಿಗೆ ಹೋಗೂದೈತಿ," ಎಂದ. ನಾಯಿಯನ್ನು ತಿರುಗಿ ತರಲು ಹೊರಟಿದ್ದೇವೆ ಎಂದುಕೊಂಡು ನಾನು ಅದರ ಹಣಿಗೆಯನ್ನು ಕೈಚೀಲಕ್ಕೆ ಹಾಕಿಕೊಂಡೆ.

ಸಾಹೇಬರ ಮನೆಯ ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಸೈಕಲ್ಲಿನ ಸರಪಳಿಯಲ್ಲಿ ಅದನ್ನು ಕಟ್ಟಿದ್ದರು. ಮೊದಲು ನನಗೆ ಗುರುತು ಹತ್ತಲಿಲ್ಲ. ಸೆಕೆಗೆಂದು ಕ್ಷೌರದವನನ್ನು ಕರೆಸಿ ಮೈಯೆಲ್ಲ ಬೋಳಿಸಿದ್ದರು. ಒಳಗಿದ್ದದ್ದು ಇಷ್ಟೇ ಇಷ್ಟು, ಬೆಕ್ಕಿನಷ್ಟು ಜೀವ. ಬಿಸಿಲಿಗೆ ಚರ್ಮ ಕೆಂಪಾಗಿ ಅಲ್ಲಲ್ಲಿ ಸುಲಿದಿತ್ತು. ನನ್ನನ್ನು ನೋಡಿ ಕುಣಿಯಲಿಲ್ಲ. ಹೊಟ್ಟೆಯ ಮೇಲೆ ತೆವಳುತ್ತ ಸರಪಳಿ ಬಿಗಿಯುವ ತನಕ ಬಂದು, ನನ್ನ ಕಾಲ ಮೇಲೆ ಗದ್ದ ಇಟ್ಟು ಕಣ್ಣು ಮುಚ್ಚಿತು. ನಾನು ಹಾಲು ರೊಟ್ಟಿ ಕಲಸಿ ಕೈಯಲ್ಲಿ ಹಿಡಿದೆ. ತಿಂದಿತು.

ಸಾಹೇಬರ ಹೆಂಡತಿಗೆ ಖುಷಿಯಾಯಿತು. ಅವರು ಕೆಟ್ಟ ಹೆಂಗಸಲ್ಲ, ಗೊತ್ತಿಲ್ಲದ್ದನ್ನು ಕೇಳಿ ತಿಳಿದುಕೊಳ್ಳುವ ಅಗತ್ಯ ಯಾವತ್ತೂ ಬೀಳದವರು. ಪಡಸಾಲೆಯಲ್ಲಿ ಚಹಾ ಕುಡಿಯುತ್ತಿದ್ದ ಅಣ್ಣನಿಗೆ ಹೇಳಿದರು:

"ಇವರನ್ನ ಒಂದಿಷ್ಟ ದಿನ ಇಲ್ಲೇ ಬಿಟ್ಟು ಹೋಗ್ರಲ್ಲ. ನಾಯಿಗೆ ನಮ್ಮ ರೂಢಿ ಆಗೂತನಕ."

ನಾನು ಬಾಗಿಲಲ್ಲಿ ನಿಂತಿದ್ದೆ. ಅಣ್ಣ ನನ್ನನ್ನು ನೋಡಲಿಲ್ಲ.

"ಅದಕ್ಕೇನ್ರಿ ಬಾಯಾರ. ಮನ್ಯಾಗ ಅಕಿಗೆ ಅಂಥಾ ಕೆಲಸೇನೂ ಇಲ್ಲ. ಅಡಗಿನೂ ಚೊಲೊ ಮಾಡ್ತಾಳ."

ಅವನು ಎದ್ದು ಚಪ್ಪಲಿ ಮೆಟ್ಟುವಾಗ ನಾನು ಹಿಂದೆ ಹೋಗಿ, "ಅಣ್ಣಾ, ನನ್ನ ಅರಿವಿ?" ಎಂದು ಕೇಳಿದೆ.

"ಜೀಪ್ ಬರೂದೈತಿ, ಅದರಾಗ ಕಳಸ್ತೇನಿ," ಎಂದು ಹೊರಟುಹೋದ.

ಅಣ್ಣನ ಎದುರು ನನ್ನನ್ನು ನೀವು ಎನ್ನುತ್ತಿದ್ದ ಸಾಹೇಬರ ಹೆಂಡತಿ ಮರುದಿನ ಬೆಳಿಗ್ಗೆಯಿಂದ ನೀನು ಎನ್ನತೊಡಗಿದರು. ಅಡಿಗೆಯ ಹೆಂಗಸಿಗೆ ಸ್ವಲ್ಪ ದಿನ ಬರುವುದು ಬೇಡ ಎಂದರು. ನಾನು ಕೋಣೆಯಲ್ಲಿ ಅಕ್ಕಿಚೀಲದ ಪಕ್ಕ ಚಾಪೆ ಹಾಸಿಕೊಂಡು ಮಲಗಿದೆ, ನಾಯಿ ಕಾಲ ಬಳಿ. ಅದರ ಸುಲಿದ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೆ. ಪಕ್ಕದ ಮನೆಯವರು ಕಂಪೌಂಡಿನ ಆಚೆಯಿಂದ ಯಾರಿದು ಎಂದು ಕೇಳಿದಾಗ, "ನಾಯಿ ನೋಡ್ಕೊಳ್ಳಾಕ ಹಾನಗಲ್ಲಿಂದ ಬಂದಾಳ," ಎಂದು ಉತ್ತರ ಬಂತು. ಅದೂ ನಿಜವೇ ಆಗಿತ್ತು. ಇನ್ನೇನು ಹೇಳಬೇಕಿತ್ತು ಅವರು?

ಜೀಪು ಬಂತು. ಎರಡು ಸೀರೆ, ಒಂದು ಹೊದಿಕೆ ಬಂದೀತು ಎಂದುಕೊಂಡಿದ್ದೆ. ಡ್ರೈವರ್ ನನ್ನ ಟ್ರಂಕನ್ನೇ ಇಳಿಸಿದ. ತೆರೆದು ನೋಡಿದೆ. ನನ್ನ ಸೀರೆಗಳೆಲ್ಲ, ಅವ್ವನ ಇಳಕಲ್ ಸೀರೆ, ಮೆಟ್ರಿಕ್ಕಿನ ಸರ್ಟಿಫಿಕೇಟು, ಚಳಿಗಾಲದ ಶಾಲು, ಹರಿದ ಕುಪ್ಪಸ ಕೂಡ. ಆ ಮನೆಯಲ್ಲಿ ನನ್ನದೆಂದು ಹೇಳುವ ಒಂದು ಗುಂಡುಪಿನ್ನೂ ಉಳಿಯದ ಹಾಗೆ ವೈನಿ ನೀಟಾಗಿ ಮಡಿಚಿ ಇಟ್ಟಿದ್ದರು. ಅಳು ಬರಲಿಲ್ಲ. ಟ್ರಂಕಿನ ಮುಂದೆ ಬಹಳ ಹೊತ್ತು ಕೂತೆ. ಒಲೆಯ ಮೇಲೆ ಬೇಳೆ ಸೀದ ವಾಸನೆ ಬಂದಾಗ ಎದ್ದೆ.

ಮರುದಿನ ಸಾಹೇಬರು ಕೆಲಸಕ್ಕೆ, ಹುಡುಗಿ ಶಾಲೆಗೆ ಹೋದ ಮೇಲೆ ಸಾಹೇಬರ ಹೆಂಡತಿಗೆ ನೇರವಾಗಿ ಹೇಳಿದೆ.

"ನಾ ಹೋಗ್ತೇನ್ರಿ. ನಾಯಿನ್ನೂ ಒಯ್ತೇನಿ."

"ನಾಯಿ ನಮಗ ಕೊಟ್ಟಾರಲ್ಲ?"

"ಕೊಟ್ಟವ್ರನ್ನ ಕೇಳ್ರಿ."

ಅವರು ಬೋಳು ನಾಯಿಯನ್ನೊಮ್ಮೆ ನೋಡಿದರು. "ಒಯ್ಯಿ. ನಮ್ಮ ಹುಡುಗಿಗೆ ಕಡದ ನಾಯಿ ನಮಗೂ ಬ್ಯಾಡಾಗೈತಿ. ಆದ್ರ ಮಧ್ಯಾಹ್ನದ ಅಡಗಿ ಯಾರು ಮಾಡ್ತಾರ?"

ನಾನು ನಾಯಿಯನ್ನು ಕಂಕುಳಲ್ಲಿ ಎತ್ತಿಕೊಂಡು ಹೊರಗೆ ಬಂದೆ. ದಾರಿಯಲ್ಲಿ ಹೊರಟಿದ್ದ ಒಬ್ಬ ಕೈಗಾಡಿಯವನು ಟ್ರಂಕನ್ನು ಬಸ್ ನಿಲ್ದಾಣಕ್ಕೆ ಮುಟ್ಟಿಸಿಕೊಟ್ಟ. ಹಾನಗಲ್ಲಿನ ಬಸ್ಸು ನಿಂತಿತ್ತು, ಸವಣೂರಿನದೂ ನಿಂತಿತ್ತು. ನಾನು ಸವಣೂರಿನ ಬಸ್ಸಿಗೆ ಹತ್ತಿದೆ.

ಸವಣೂರಿನಲ್ಲಿ ನನಗೆ ಗೊತ್ತಿದ್ದವರು ಒಬ್ಬರೇ, ಅವ್ವನ ಗೆಳತಿ. ಅವರ ಗಂಡ ವೀಳ್ಯದೆಲೆ ವ್ಯಾಪಾರಕ್ಕೆಂದು ಕೆಲವು ವರ್ಷ ಹಾನಗಲ್ಲಿನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ನಾವು ಅವರನ್ನು ಚಾಚಿ ಎನ್ನುತ್ತಿದ್ದೆವು. ಬಾಗಿಲಲ್ಲಿ ಟ್ರಂಕು, ನಾಯಿ, ನನ್ನನ್ನು ನೋಡಿ ಅವರು ಏನೂ ಕೇಳಲಿಲ್ಲ. ಒಳಗೆ ಕರೆದು ನೀರು ಕೊಟ್ಟರು. ಆಮೇಲೆ ಮೆತ್ತಗೆ ಹೇಳಿದರು:

"ಬೇಟಿ, ತಪ್ಪ ತಿಳ್ಕೋಬ್ಯಾಡ. ನಮಾಜ ಮಾಡೋ ಮನಿ, ನಾಯಿ ಒಳಗ ಬ್ಯಾಡ. ಹಿತ್ತಲದಾಗ ಒಂದು ಕೋಣಿ ಐತಿ, ಎಲಿ ಬುಟ್ಟಿ ಇಡೂದು. ಅದನ್ನ ತಗದು ಕೊಡ್ತೇನಿ. ಅಲ್ಲೆ ನೀನೂ ಇರು, ಅದೂ ಇರಲಿ."

ಆ ದಿನಗಳಲ್ಲಿ ನನಗೆ ಯಾರಾದರೂ ಮೊದಲೇ ತಿಳಿಸಿ, ಕೇಳಿ ಮಾಡಿದ ವ್ಯವಸ್ಥೆ ಅದೊಂದೇ. ಚಾಚಿಯೇ ಒಬ್ಬ ಡಾಕ್ಟರ ದವಾಖಾನೆಯಲ್ಲಿ ಕೆಲಸ ಕೇಳಿದರು. ಹಾಸಿಗೆ ಹಿಡಿದ ಹೆಂಗಸರನ್ನು ನೋಡಿಕೊಳ್ಳಲು ಆಯಾ ಬೇಕಾಗಿತ್ತು. ಇದನ್ನು ಎಲ್ಲಿ ಕಲಿತೆ ಎಂದು ಡಾಕ್ಟರು ಕೇಳಿದರು. ಮನೆಯಲ್ಲಿ ಎಂದೆ. ತಿಂಗಳ ಕೊನೆಗೆ ಕೈಯಲ್ಲಿ ಪಗಾರ ಹಿಡಿದಾಗ ಸಂತೋಷಕ್ಕಿಂತ ಸಿಟ್ಟೇ ಹೆಚ್ಚು ಬಂತು. ಈ ಕೆಲಸಕ್ಕೆ ಜಗತ್ತಿನಲ್ಲಿ ಪಗಾರ ಇದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ಅಣ್ಣ ಹುಡುಕಿಕೊಂಡು ಬಂದ. ಹಿತ್ತಲಿನ ಕೋಣೆಯ ಹೊಸ್ತಿಲು ದಾಟಲಿಲ್ಲ.

"ಒಂದು ನಾಯಿ ಸಲುವಾಗಿ ಮನಿ ಮರ್ಯಾದಿ ತಗದಿ. ಸಾಹೇಬರು ನನ್ನ ಮಾರಿ ನೋಡವಲ್ರು. ಆ ಸೇತುವಿ ಕೆಲಸ ಬ್ಯಾರೆಯವ್ರಿಗೆ ಹೋತು."

"ನಾಯಿ ಸಲುವಾಗಿ ಅಲ್ಲ ಅಣ್ಣಾ."

"ಮತ್ಯಾತರ ಸಲುವಾಗಿ?"

ನಾನು ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು, "ಇವರ ಮನ್ಯಾಗ ಇದ್ದು ಉಣ್ಣಾಕತ್ತೀ ಅಂದ್ರ ನಮ್ಮ ಮಂದಿ ಏನಂತಾರ," ಎಂದು ಚಾಚಿಗೆ ಕೇಳುವ ಹಾಗೆ ಅಂದ. ನಾಯಿ ಮಂಚದ ಕೆಳಗಿನಿಂದ ಹೊರಗೆ ಬರಲೇ ಇಲ್ಲ.

ಅದನ್ನು ಉಳಿಸಿದೆ ಎಂದು ಹೇಳಿಕೊಳ್ಳುವ ಧೈರ್ಯ ನನಗಿಲ್ಲ. ಬೋಳಿಸಿದ ಮೇಲೆ ಅದರ ಕೂದಲು ಸರಿಯಾಗಿ ಬರಲೇ ಇಲ್ಲ. ಕುತ್ತಿಗೆ, ತಲೆಗೆ ಒಂದಿಷ್ಟು ಬಂದವು. ಬೆನ್ನ ಮೇಲೆ ಅಲ್ಲಲ್ಲಿ ಕುರುಚಲು, ನಡುವೆ ಕಪ್ಪು ಚರ್ಮ. ನೋಡಿದವರು ಕಜ್ಜಿ ನಾಯಿ ಎಂದು ದೂರ ಸರಿಯುತ್ತಿದ್ದರು. ಅದಕ್ಕಿಂತ ಕಷ್ಟದ್ದು, ಒಂಟಿತನ ತಡೆಯದ ಜೀವ ಎಂದು ಗೊತ್ತಿದ್ದೂ ನಾನು ಅದನ್ನು ಬೆಳಿಗ್ಗೆಯಿಂದ ಸಂಜೆ ತನಕ ಕೋಣೆಯಲ್ಲಿ ಹಾಕಿ ಬೀಗ ಜಡಿದು ಹೋಗುತ್ತಿದ್ದೆ. ಬೇರೆ ದಾರಿ ಇರಲಿಲ್ಲ. ಕದದ ಒಳಮೈ ಕೆರೆದು ಕೆರೆದು ಸಿಬಿರು ಎದ್ದಿತ್ತು. ದಿನಗಳೆದಂತೆ ಅದರ ಗುಣ ಕೆಟ್ಟಿತು. ಕೂತಲ್ಲೇ ತನ್ನ ಪಾದ ಕಚ್ಚಿಕೊಳ್ಳುತ್ತಿತ್ತು. ಒಂದು ಸಂಜೆ ದಣಿದು ಬಂದು ಎತ್ತಿಕೊಳ್ಳಲು ಹೋದರೆ ನನ್ನನ್ನೇ ಕಚ್ಚಿತು. ಕಚ್ಚಿದ ಮೇಲೆ ಗೋಡೆಗೆ ಮುಖ ಮಾಡಿ ನಡುಗುತ್ತ ನಿಂತಿತು. ನಾನು ಕೈಗೆ ಬಟ್ಟೆ ಸುತ್ತಿಕೊಂಡು ಅದರ ಪಕ್ಕ ಕೂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ.

ಕೊನೆಯ ವರ್ಷ ಗಂಟಲಿನ ತೊಂದರೆ ಶುರುವಾಯಿತು. ಬಾತುಕೋಳಿ ಕೂಗಿದ ಹಾಗೆ ಕೆಮ್ಮು, ಕೆಮ್ಮಿ ಕೆಮ್ಮಿ ನಾಲಗೆ ನೀಲಿ. ಸರಪಳಿಯಲ್ಲಿ ಜಗ್ಗಿದ್ದಕ್ಕೋ, ಆ ಜಾತಿಗೇ ಬರುವ ರೋಗವೋ, ಯಾರಿಗೆ ಗೊತ್ತು? ಒಂದು ಮಧ್ಯಾಹ್ನ ನಾನು ದವಾಖಾನೆಯಲ್ಲಿದ್ದಾಗಲೇ ಸತ್ತಿತು. ಅದರ ಕೂಗು ನಿಂತದ್ದನ್ನು ಗಮನಿಸಿ ಚಾಚಿ ಹೇಳಿಕಳಿಸಿದರು. ಎಂದೂ ಅದನ್ನು ಮುಟ್ಟದಿದ್ದ ಅವರ ಗಂಡ ಎಲೆತೋಟದ ಅಂಚಿನಲ್ಲಿ ತಾವೇ ಗುಂಡಿ ತೋಡಿ, ನಾನು ಮಣ್ಣು ಮುಚ್ಚುವ ತನಕ ಪಕ್ಕಕ್ಕೆ ನಿಂತಿದ್ದರು.

ಸುದ್ದಿ ಹಾನಗಲ್ಲಿಗೆ ಮುಟ್ಟಿತು. ತಿಂಗಳೊಳಗೆ ಸಣ್ಣಣ್ಣ ಬಂದ. ಅವನು ಒಳ್ಳೆಯವನು, ಯಾರೊಂದಿಗೂ ಜಗಳ ಆಡದವನು. ಜಗಳ ಆಡಬೇಕಾದಲ್ಲಿಯೂ ಆಡಿರಲಿಲ್ಲ. ನನ್ನ ಹಾಸಿಗೆಯ ಅಂಚಿನಲ್ಲಿ ಕೂತು ಚಹಾ ಕುಡಿದ.

"ನಾಯಿ ಸತ್ತದ್ದು ಗೊತ್ತಾತು. ಇನ್ನೇನೈತಿ, ಮನಿಗೆ ಬಾ. ಅಣ್ಣ ಸಿಟ್ಟು ಬಿಟ್ಟಾನ. ವೈನಿಗೂ ಈಗ ಮೊಣಕಾಲು ಬ್ಯಾನಿ, ಕೂತರ ಏಳಾಕ ಆಗವಲ್ದು."

"ನಾ ಬಿಟ್ಟಿಲ್ಲ," ಎಂದೆ.

"ಏನು?"

"ಸಿಟ್ಟು."

ಅವನು ಕಪ್ಪನ್ನು ನೆಲಕ್ಕಿಟ್ಟ. "ಇಷ್ಟ ದಿನ ಎಲ್ಲಾರಿಗೂ ನಾಯಿ ಸಲುವಾಗಿ ಹೋಗ್ಯಾಳ ಅಂತ ಹೇಳೇವಿ. ಈಗ ನಾಯಿನೂ ಇಲ್ಲ. ಬರಲಿಲ್ಲಂದ್ರ ಇನ್ನ ಏನಂತ ಹೇಳೂಣು?"

"ಖರೇ ಹೇಳ್ರಿ."

"ಖರೇ ಅಂದ್ರ?"

ಅವನ ಮುಖವನ್ನೇ ನೋಡಿದೆ. ಅವನು ನಾಟಕ ಮಾಡುತ್ತಿರಲಿಲ್ಲ. ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಅವ್ವನ ವರ್ಷಗಳು, ಮಾಸ್ತರರಿಗೆ ತಾನೇ ಹೋಗಿ ಹೇಳಿದ ಜಾತಕದ ಸುಳ್ಳು, ಶಿಗ್ಗಾಂವಿಯ ಆ ಬಾಗಿಲು, ಇವೆಲ್ಲ ಒಂದಕ್ಕೊಂದು ಸಂಬಂಧವಿಲ್ಲದ ಬಿಡಿ ಸಂಗತಿಗಳಾಗಿ ಅವನ ತಲೆಯಲ್ಲಿ ಎಲ್ಲೋ ಬಿದ್ದಿದ್ದವು. ಕೂಡಿಸಿ ನೋಡುವ ಗರಜು ಅವನಿಗೆ ಬಿದ್ದಿರಲಿಲ್ಲ. ಎಲ್ಲವನ್ನೂ ಮೊದಲಿನಿಂದ ನಾನೇ ಬಿಡಿಸಿ ಹೇಳಬೇಕಾಗಿತ್ತು. ಅವನಾಗಲೇ ಕೈಗಡಿಯಾರ ನೋಡಿಕೊಂಡು, ಕೊನೆಯ ಬಸ್ಸು ಎಷ್ಟಕ್ಕೆ ಎಂದು ಕೇಳುತ್ತಿದ್ದ.